ಚಾಚಾನ ಮೈಯ ಕಬ್ಬಿಣ

ಮಂಡಕ್ಕಿ ಭಟ್ಟಿ, ದಾವಣಗೆರೆ
೨೨ ಏಪ್ರಿಲ್ ೨೦೨೪

ಪ್ರೀತಿಯ ತನು ಬೇಟಿಗೆ,

ರಂಜಾನ್ ಹಬ್ಬಕ್ಕೆ ನೀನು ಕಳಿಸಿದ ಮೆಸೇಜನ್ನು ನಿನ್ನ ಖಲೀಲ್ ಚಾಚಾ ಭಟ್ಟಿಯಲ್ಲಿದ್ದವರಿಗೆಲ್ಲ ಓದಿ ಹೇಳಿದರು. ನಮ್ಮ ಮನೆಯ ಫೋನಿನ ಕಥೆಯೇ ಹೀಗೆ. ಒಲೆಯ ಸದ್ದಿಗೆ ಏನೂ ಕೇಳಿಸದೆ ಎಲ್ಲರೂ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹರಿಹರದ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಓದಿದವಳು ನಾನು. ನನ್ನ ಅಕ್ಷರ ನಿನ್ನ ಚಾಚಾನ ಅಕ್ಷರಕ್ಕಿಂತ ದುಂಡಗಿದೆ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಇನ್ನು ಮುಂದೆ ರಕ್ತಕ್ಕಾಗಿ ಅವರನ್ನು ಕರೆಯಬೇಡ.

ಹೋದ ವಾರ ನಿನಗೆಂದು ರಕ್ತ ಕೊಡಲು ಕೆ.ಬಿ. ಬಡಾವಣೆಯ ರಕ್ತ ಕೇಂದ್ರಕ್ಕೆ ಹೋಗಿದ್ದರಲ್ಲ, ಅವರನ್ನು ವಾಪಸ್ ಕಳಿಸಿದರು. ನಿನಗೆ ಏನು ಹೇಳಿದರೋ ಗೊತ್ತಿಲ್ಲ. ನನಗೆ ಹೇಳಿದ್ದು, "ಇವತ್ತು ಅಲ್ಲಿ ಭಾಳ ರಷ್ ಐತೆ" ಅಂತ. ಅಂಗಿ ಒಗೆಯುವಾಗ ಜೇಬಿನಲ್ಲಿ ಚೀಟಿ ಸಿಕ್ಕಿತು. ರಕ್ತದ ಅಂಶ ಒಂಬತ್ತಕ್ಕೆ ಇಳಿದಿದೆ, ಡಾಕ್ಟರಿಗೆ ತೋರಿಸಿ ಎಂದು ಬರೆದಿತ್ತು. ಹುರಿಯುವ ಬಾಣಲೆ ಮುಂದೆ ನಿಂತವರು ಎರಡು ಸಲ ತಲೆ ಸುತ್ತಿ ಕೂತಿದ್ದಾರೆ. ಒಂದು ಮೂಟೆ ಎತ್ತಿದರೆ ಸಾಕು, ಉಬ್ಬಸ. ಕೇಳಿದರೆ ಬಿಸಿಲಿನ ಮೇಲೆ ಹಾಕುತ್ತಾರೆ.

ನೀನು ಐದು ವರ್ಷದ ಕೂಸಾಗಿದ್ದಾಗ ನಾನು ನಿನ್ನನ್ನು ಎತ್ತಿಕೊಂಡಿದ್ದೇನೆ. ನಿನ್ನ ಮೈಗೆ ರಕ್ತ ಮಾಡಿಕೊಳ್ಳಲು ಬರುವುದಿಲ್ಲ, ಮೂರು ವಾರಕ್ಕೊಮ್ಮೆ ಯಾರದಾದರೂ ರಕ್ತ ಏರಿಸಬೇಕು ಎಂದು ನಿನ್ನ ತಾಯಿ ಸರೋಜಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೇಳಿದ್ದು ನೆನಪಿದೆ. ನಿನ್ನದು ಸಿಗದ ಗ್ರೂಪು, ಓ ನೆಗೆಟಿವ್. ನಮ್ಮ ಮನೆಯವರದೂ ಅದೇ. ಅಂದಿನಿಂದ ಅವರು ನಿನಗೆ ರಕ್ತ ಕೊಡುವುದನ್ನು ನಮಾಜಿನ ಹಾಗೆ ಪಾಲಿಸಿಕೊಂಡು ಬಂದರು. ನಾನು ಎಂದೂ ಬೇಡ ಅಂದಿಲ್ಲ. ಈಗ ಅನ್ನುತ್ತಿದ್ದೇನೆ. ಕೊಟ್ಟು ಕೊಟ್ಟು ಮನುಷ್ಯ ಬರಿದಾಗಿದ್ದಾರೆ.

ನೀನು ಬೇಜಾರು ಮಾಡಿಕೊಳ್ಳುತ್ತೀ ಎಂದು ಗೊತ್ತು. ಮಾಡಿಕೋ. ಅವರು ಉಳಿದರೆ ಸಾಕು ನನಗೆ.

ಉತ್ತರ ಬರೆದರೆ ಆವರಗೆರೆಯಲ್ಲಿರುವ ನನ್ನ ಮಗಳು ತಸ್ಲೀಮ್ ಮನೆಗೆ ಬರೆ. ವಿಳಾಸ ಹಿಂದೆ ಇದೆ.

ನಿನ್ನ ಚಾಚಿ,
ಶಹರ್ಬಾನು


ಕೋಟೆ, ಹರಿಹರ
೨೭ ಏಪ್ರಿಲ್ ೨೦೨೪

ಪ್ರೀತಿಯ ಚಾಚಿಗೆ,

ನಿಮ್ಮ ಕಾಗದ ಓದಿ ಬೇಜಾರಾಗಲಿಲ್ಲ. ಭಯವಾಯಿತು. ಚಾಚಾ ನನಗೂ ರಷ್ ಅಂತಲೇ ಹೇಳಿದ್ದರು. "ಮುಂದಿನ ವಾರ ಕೊಡ್ತೀನಿ ಬಿಡವ್ವ, ನನ್ನ ರಕ್ತ ಎಲ್ಲಿ ಓಡಿ ಹೋಗ್ತೈತೆ" ಎಂದು ನಕ್ಕರು. ನಾನೂ ನಕ್ಕೆ.

ಇನ್ನು ಅವರನ್ನು ಕರೆಯುವುದಿಲ್ಲ. ಅಪ್ಪನಿಗೂ ಹೇಳಿದ್ದೇನೆ. ಅಪ್ಪ ಮೋಟರ್ ರಿವೈಂಡಿಂಗ್ ಅಂಗಡಿಗೆ ಬರುವವರನ್ನೆಲ್ಲ ಗ್ರೂಪು ಕೇಳಿ ಕೇಳಿ, ಈಗ ಗಿರಾಕಿಗಳು ಅಂಗಡಿ ಹತ್ತುವ ಮುಂಚೆಯೇ ತಮ್ಮ ಗ್ರೂಪು ಹೇಳಿಬಿಡುತ್ತಾರೆ. ಯಾರಾದರೂ ಸಿಗುತ್ತಾರೆ. ನನ್ನ ಚಿಂತೆ ಬೇಡ.

ಚಾಚಿ, ನನ್ನ ಕಾಯಿಲೆ ನನಗೆ ಒಂದಿಷ್ಟು ವಿದ್ಯೆ ಕಲಿಸಿದೆ. ರಕ್ತ ಕೆಂಪಾಗಿರುವುದಕ್ಕೆ ಕಬ್ಬಿಣ ಬೇಕು. ಒಂದು ಚೀಲ ರಕ್ತ ಕೊಟ್ಟರೆ ಅದರ ಜೊತೆ ಕಬ್ಬಿಣವೂ ಹೋಗುತ್ತದೆ. ಗಟ್ಟಿ ಮನುಷ್ಯರಿಗೆ ಅದು ದೊಡ್ಡದಲ್ಲ, ಪಿತ್ತಜನಕಾಂಗದಲ್ಲಿ ಒಂದು ಕಣಜ ಇರುತ್ತದೆ, ಅಲ್ಲಿಂದ ತೆಗೆದು ಬಳಸಿಕೊಂಡು, ಊಟದಿಂದ ಮತ್ತೆ ಸ್ವಲ್ಪ ಸ್ವಲ್ಪ ತುಂಬಿಸಿಕೊಳ್ಳುತ್ತಾರೆ. ನಿಧಾನದ ಕೆಲಸ ಅದು. ಚಾಚಾನ ಕಣಜ ಖಾಲಿಯಾಗಿದೆ.

ನನ್ನದು ತುಂಬಿ ಹೊರಚೆಲ್ಲುತ್ತಿದೆ. ಬೇರೆಯವರ ರಕ್ತ ನನ್ನ ಮೈಯಲ್ಲಿ ಕೆಲವು ವಾರ ಬಾಳಿ ಸಾಯುತ್ತದೆ, ಅದರ ಕಬ್ಬಿಣ ಮಾತ್ರ ಉಳಿಯುತ್ತದೆ. ಮನುಷ್ಯನ ಮೈಗೆ ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲಿದೆ, ಹೆಚ್ಚಾದದ್ದನ್ನು ಹೊರಗೆ ಹಾಕುವ ಬಾಗಿಲಿಲ್ಲ. ಹಾಗೇ ಬಿಟ್ಟರೆ ಅದು ಹೃದಯಕ್ಕೂ ಹೋಗಿ ಕೂರುತ್ತದಂತೆ. ಅದನ್ನು ಇಳಿಸಲು ದಿನವೂ ಬೆಳಿಗ್ಗೆ ಮಾತ್ರೆ ಕರಗಿಸಿ ಕುಡಿಯುತ್ತೇನೆ. ಸುಣ್ಣದ ನೀರು ಕುಡಿದ ಹಾಗಿರುತ್ತದೆ. ಕುಡಿಯುವಾಗ ಒಮ್ಮೊಮ್ಮೆ ಅನ್ನಿಸುತ್ತದೆ, ಇದು ಚಾಚಾ ಕೊಟ್ಟದ್ದು, ನಾನು ಚೆಲ್ಲುತ್ತಿದ್ದೇನೆ ಅಂತ.

ಅವರಿಗೆ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರಾ? ಯಾವುದರ ಜೊತೆ ನುಂಗುತ್ತಾರೆ, ಸ್ವಲ್ಪ ನೋಡಿ ಬರೆಯಿರಿ. ಡಾಕ್ಟರಿಗೂ ತೋರಿಸಿ.

ನೀವು ಕಾಗದದಲ್ಲಿ ಬೈದಿದ್ದಕ್ಕೆ ನಾನು ಋಣಿ. ಬೈಯದೆ ಸುಮ್ಮನಿದ್ದಿದ್ದರೆ ನಾನು ಅವರನ್ನು ಮತ್ತೆ ಕರೆಯುತ್ತಿದ್ದೆ.

ನಿಮ್ಮ ಮಗಳಂಥ,
ತನುಶ್ರೀ


ದಾವಣಗೆರೆ
೧೯ ಮೇ ೨೦೨೪

ತನು ಬೇಟಿ,

ನೀನು ನೋಡಲು ಹೇಳಿದೆ, ನಾನು ನೋಡಿದೆ. ನೋಡಿ ಹಣೆ ಹಣೆ ಚಚ್ಚಿಕೊಂಡೆ.

ಭಟ್ಟಿಯವರ ಚಹಾ ನಿನಗೆ ಗೊತ್ತಲ್ಲ. ಬೆಳಗಿನ ಜಾವ ಒಲೆಗೆ ಭತ್ತದ ಹೊಟ್ಟು ತುಂಬುವುದರಿಂದ ಹಿಡಿದು ಮಂಡಿಪೇಟೆಗೆ ಮೂಟೆ ಹೊರಡುವವರೆಗೆ ಅವರಿಗೆ ನೀರಿಲ್ಲದಿದ್ದರೂ ನಡೆಯುತ್ತದೆ, ಚಹಾ ಇಲ್ಲದಿದ್ದರೆ ಆಗದು. ರಕ್ತ ಕೇಂದ್ರದವರು ಕೊಟ್ಟ ಮಾತ್ರೆಯನ್ನು ನಮ್ಮ ಸಾಹೇಬರು ಅದೇ ಕಪ್ಪು ಚಹಾದಲ್ಲಿ ನುಂಗುತ್ತಿದ್ದರು. ಊಟವಾದ ಕೂಡಲೇ ಇನ್ನೊಂದು ಲೋಟ. ತಸ್ಲೀಮಳ ನೆರೆಮನೆಯ ನರ್ಸಮ್ಮನನ್ನು ಕೇಳಿದೆ. "ಚಾ ಕುಡುದ್ರೆ ಆ ಮಾತ್ರಿ ಮೈಗೆ ಹತ್ತಂಗಿಲ್ಲರೀ, ಬಂದ ದಾರೀಲೆ ಹೊಂಟು ಹೋಗ್ತೈತೆ. ನಿಂಬೆಹಣ್ಣಿನ ನೀರಾಗೆ ಕೊಡ್ರಿ" ಅಂದಳು.

ಅಂದಿನಿಂದ ಮನೆಯಲ್ಲಿ ಯುದ್ಧ. ಊಟದ ಹಿಂದೆ ಮುಂದೆ ಚಹಾ ಬಂದ್ ಮಾಡಿದ್ದೇನೆ. ಮೊದಲ ದಿನ ಮುನಿಸಿಕೊಂಡು ಭಟ್ಟಿಯಲ್ಲೇ ಮಲಗಿದರು. ಎರಡನೆಯ ದಿನ ಪಕ್ಕದ ಮಸ್ತಾನಸಾಬರ ಭಟ್ಟಿಗೆ ಕದ್ದು ಹೋದರು. ನಾನು ಮಸ್ತಾನಸಾಬರ ಹೆಂಡತಿಗೆ ಹೇಳಿ ಅಲ್ಲಿಯೂ ಬಾಗಿಲು ಹಾಕಿಸಿದೆ. ದಿನಕ್ಕೊಂದು ಬಗೆಯ ಸೊಪ್ಪು, ವಾರಕ್ಕೆರಡು ಸಲ ಕುರಿಯ ಪಿತ್ತಜನಕಾಂಗ ತಂದು ಕಲೇಜಿ ಮಾಡಿ ಎಲ್ಲವನ್ನೂ ಅವರ ತಟ್ಟೆಗೇ ಬಡಿಸುತ್ತಿದ್ದೇನೆ. ಮಗ ರಿಯಾಜ್, "ನಮಗೂ ಒಂದು ತುಂಡು ಹಾಕಮ್ಮಾ, ನಾವೇನು ಪಾಪ ಮಾಡೀವಿ" ಎಂದು ರೇಗಿಸುತ್ತಾನೆ.

ಇಷ್ಟಾದರೂ ಅವರು ಚೇತರಿಸಿಕೊಳ್ಳುತ್ತಿಲ್ಲ ಬೇಟಿ. ಮುಖ ಇನ್ನೂ ಬಿಳಿಚಿದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಮಾತ್ರಿ ಕೆಲಸ ಮಾಡ್ತಾ ಐತೆ ಬಿಡು, ನನಗೆ ಗೊತ್ತಾಗ್ತೈತೆ" ಅನ್ನುತ್ತಾರೆ. ಹೇಗೆ ಗೊತ್ತು ಎಂದರೆ ಹೇಳಲು ನಾಚುತ್ತಾರೆ. ಆಮೇಲೆ ರಿಯಾಜನ ಕಿವಿಯಲ್ಲಿ ಹೇಳಿದರಂತೆ, ಬಯಲಿಗೆ ಹೋದರೆ ಕಪ್ಪಗೆ ಹೋಗುತ್ತದೆ, ಕಬ್ಬಿಣ ತಿಂದವರಿಗೆ ಹಾಗೇ ಅಂತ. ಇಂಥದ್ದನ್ನೆಲ್ಲ ಕಾಗದದಲ್ಲಿ ಬರೆಯಬೇಕಾಯಿತಲ್ಲ ಎಂದು ನನಗೂ ನಾಚಿಕೆ. ಆದರೂ ನಿನ್ನ ಹತ್ತಿರ ಏನು ಮುಚ್ಚುಮರೆ.

ಇನ್ನೊಂದು ಮಾತು. ನೀನು ಫೋನ್ ಮಾಡುವುದು ಬಿಟ್ಟಿದ್ದೀ. ಅವರಿಗೆ ಅದು ಮನಸ್ಸಿಗೆ ಹತ್ತಿದೆ. "ಆ ಹುಡುಗಿಗೆ ಬ್ಯಾರೆ ಯಾರೋ ಸಿಕ್ಕಿರಬೇಕು, ಚಲೋ ಆತು" ಅಂದರು. ಚಲೋ ಆಯಿತು ಅನ್ನುವವರ ಮುಖ ಹಾಗಿರುವುದಿಲ್ಲ. ರಕ್ತ ಕೇಳಬೇಡ ಅಂದೆ, ಮಾತೇ ಬಿಡು ಅನ್ನಲಿಲ್ಲ.

ಶಹರ್ಬಾನು


ಹರಿಹರ
೨೪ ಮೇ ೨೦೨೪

ಚಾಚಿ,

ಈ ಕಾಗದ ಸಣ್ಣದು, ಬೇಗ ಅಂಚೆಗೆ ಹಾಕಬೇಕು.

ನಿನ್ನೆ ನನ್ನ ತಪಾಸಣೆಯ ದಿನವಿತ್ತು. ನಮ್ಮ ಡಾಕ್ಟರಮ್ಮನಿಗೆ ಚಾಚಾನ ವಿಷಯವೆಲ್ಲ ಹೇಳಿದೆ. ನೀವು ಬರೆದ ಕಪ್ಪಿನ ಮಾತನ್ನೂ ಹೇಳಿದೆ, ಕ್ಷಮಿಸಿ. ಅವರು ಹೇಳಿದ್ದು ಇಷ್ಟು: ಮಾಂಸ ತಿನ್ನುವ ಗಂಡಸು, ವರ್ಷಕ್ಕೆ ಮೂರು ಸಲ ರಕ್ತ ಕೊಟ್ಟರೆ ಕಣಜ ತಗ್ಗಬಹುದು. ಆದರೆ ಒಂಬತ್ತಕ್ಕೆ ಇಳಿಯಬೇಕಾದರೆ, ಮೇಲಾಗಿ ಮಾತ್ರೆ ತಿಂದೂ ಏರದಿದ್ದರೆ, ಮೈಯೊಳಗೆ ಎಲ್ಲೋ ರಕ್ತ ಸೋರುತ್ತಿರಬಹುದು. ಹೊಟ್ಟೆಯೊಳಗೆ ಸೋರಿದರೂ ಕಪ್ಪಗೇ ಹೋಗುತ್ತದೆ. ಕಬ್ಬಿಣದ ಮಾತ್ರೆ ತಿಂದರೂ ಕಪ್ಪಗೇ ಹೋಗುತ್ತದೆ. ನೋಡಿದರೆ ಯಾವುದು ಯಾವುದೆಂದು ತಿಳಿಯುವುದು ಕಷ್ಟ.

ಅದಕ್ಕೆ ನೀವು ಚಾಚಾನನ್ನು ಒಂದೇ ಒಂದು ಮಾತು ಕೇಳಬೇಕು. ಮಾತ್ರೆ ಶುರು ಮಾಡುವುದಕ್ಕಿಂತ ಮುಂಚೆಯೂ ಕಪ್ಪಗೆ ಹೋಗುತ್ತಿತ್ತಾ?

ನನಗೆ ಕೇಳಲು ಆಗುವುದಿಲ್ಲ. ನೀವು ಕೇಳಲೇಬೇಕು. ನಾಚಿಕೆ ಪಡಬೇಡಿ ಚಾಚಿ, ದಮ್ಮಯ್ಯ.

ತನು


ಆಸ್ಪತ್ರೆ, ದಾವಣಗೆರೆ
೯ ಜೂನ್ ೨೦೨೪

ನನ್ನ ತನು,

ನಿನ್ನ ಕಾಗದವನ್ನು ತಸ್ಲೀಮ್ ತಂದು ಕೊಟ್ಟ ಮೇಲೂ ನಾಲ್ಕು ದಿನ ಸುಮ್ಮನಿದ್ದೆ. ಮದುವೆಯಾಗಿ ಮೂವತ್ತು ವರ್ಷ. ಎರಡು ಹೆರಿಗೆ, ಅತ್ತೆ ಮಾವನ ಕಾಲ, ಭಟ್ಟಿಗೆ ಬೆಂಕಿ ಬಿದ್ದದ್ದು, ಎಲ್ಲ ಒಟ್ಟಿಗೆ ಕಂಡವರು ನಾವು. ಆದರೂ ಗಂಡನನ್ನು ಈ ಮಾತು ಕೇಳುವುದು ಹೇಗೆ? ರಿಯಾಜನಿಗೆ ಕೇಳು ಅಂದೆ. ಅವನು "ನಾನೆಂಗೆ ಕೇಳ್ಲಿ, ನೀನೇ ಕೇಳು" ಎಂದು ಓಡಿದ.

ಕಡೆಗೆ ಒಂದು ಬೆಳಿಗ್ಗೆ ನಿಂಬೆನೀರು ಕೊಡುವ ನೆಪದಲ್ಲಿ, ಗೋಡೆ ಕಡೆ ಮುಖ ಮಾಡಿ ಕೇಳಿಬಿಟ್ಟೆ. ಅವರು ಲೋಟ ಖಾಲಿ ಮಾಡಿ ಕೆಳಗಿಟ್ಟರು. ಆಮೇಲೆ ಅವರೂ ಬೇರೆ ಗೋಡೆ ಕಡೆ ನೋಡುತ್ತಾ, "ರೋಜಾ ಹಿಡಿದಾಗಿಂದಾನೂ ಹಂಗೇ ಐತೆ" ಅಂದರು.

ರಂಜಾನ್ ತಿಂಗಳಿನಿಂದ! ಮಾತ್ರೆ ಬಂದದ್ದು ಹಬ್ಬವಾದ ಮೇಲೆ.

ಕೆದಕಿ ಕೇಳಿದಾಗ ಉಳಿದದ್ದೂ ಬಂತು. ಮೂಟೆ ಎತ್ತಿ ಎತ್ತಿ ಸೊಂಟನೋವು. ಅದಕ್ಕೆ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗುತ್ತಿದ್ದರು, ಚಳಿಗಾಲದಿಂದ. ಉಪವಾಸದ ತಿಂಗಳಿನಲ್ಲಿ ಸಂಜೆ ಖರ್ಜೂರಕ್ಕೂ ಮುಂಚೆ ಮಾತ್ರೆ, ಖಾಲಿ ಹೊಟ್ಟೆಗೆ. ನಾನು ರೇಗಿದೆ, ಅತ್ತುಬಿಟ್ಟೆ, ಆಟೋ ಕರೆಸಿದೆ. ಅವರು "ನಾಳಿ ಹೋಗಾಣ" ಅಂದರು. ನಾಳೆಗೆ ಬಿಡಲಿಲ್ಲ ನಾನು. ದಾರಿಯಲ್ಲೇ ವಾಂತಿ ಮಾಡಿಕೊಂಡರು, ಕಾಫಿ ಪುಡಿಯ ಬಣ್ಣದ್ದು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ನನ್ನ ತೋಳಿನ ಮೇಲೆ ಒರಗಿಬಿಟ್ಟಿದ್ದರು.

ಬಾಯಿಂದ ಪೈಪು ಇಳಿಸಿ ನೋಡಿದರು. ಜಠರದಲ್ಲಿ ಹುಣ್ಣು, ಅದರಿಂದ ರಕ್ತ ಹರಿಯುತ್ತಿತ್ತು. ಅಲ್ಲೇ ಕ್ಲಿಪ್ ಹಾಕಿ ನಿಲ್ಲಿಸಿದರು. ರಕ್ತದ ಅಂಶ ಐದೂವರೆಗೆ ಬಂದಿತ್ತು. ತಕ್ಷಣ ಓ ನೆಗೆಟಿವ್ ಬೇಕು ಅಂದರು. ಇಷ್ಟು ವರ್ಷ ಊರಿಗೆಲ್ಲ ಅದನ್ನು ಕೊಟ್ಟವರಿಗೆ ಈಗ ಎಲ್ಲಿಂದ ತರುವುದು ಎಂದು ನಾನು ನೆಲದ ಮೇಲೆ ಕೂತುಬಿಟ್ಟೆ. ಸಂಜೆಯೊಳಗೆ ಒಂದು ಚೀಲ ಸಿಕ್ಕಿತು. ಮಾರನೆಯ ದಿನ ಶಿವಮೊಗ್ಗದಿಂದ ಇನ್ನೊಂದು ಬಂತು. ಯಾರು ಕೊಟ್ಟದ್ದೋ, ಅಲ್ಲಾಹ್ ಅವರ ಮನೆ ತುಂಬಿಸಲಿ.

ಈಗ ಕಣ್ಣು ಬಿಟ್ಟಿದ್ದಾರೆ. ಮೊದಲ ಮಾತೇ ಚಹಾ ಕೇಳಿದರು.

ಹುಣ್ಣಿನಿಂದ ತುಂಡು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಬೇರೆ ಏನೂ ಇಲ್ಲ ಎಂದು ಬರಲಿ ಎಂದು ಬೇಡಿಕೋ. ನೀನು ಆ ಒಂದು ಮಾತು ಕೇಳಿಸದಿದ್ದರೆ ನಾನು ಇನ್ನೂ ಸೊಪ್ಪು ಬೇಯಿಸುತ್ತಾ ಕೂತಿರುತ್ತಿದ್ದೆ.

ನಿನ್ನ ಚಾಚಿ


ಹರಿಹರ
೨೮ ಜೂನ್ ೨೦೨೪

ಶಹರ್ಬಾನು ಅವರಿಗೆ ಸರೋಜಾ ಮಾಡುವ ನಮಸ್ಕಾರಗಳು.

ಖಲೀಲಣ್ಣ ಬಕ್ರೀದ್‌ಗೆ ಮನೆಗೆ ಬಂದರು, ಪರೀಕ್ಷೆಯಲ್ಲೂ ಕೆಟ್ಟದ್ದೇನೂ ಇಲ್ಲ ಎಂದು ಗೊತ್ತಾಗಿ ನಮ್ಮ ಮನೆಯಲ್ಲೂ ಅಂದು ಪಾಯಸ ಮಾಡಿದೆವು. ನಾನು ಬರೆಯುವ ವಿಷಯ ಬೇರೆ. ತನುಗೆ ಹೇಳದೆ ಬರೆಯುತ್ತಿದ್ದೇನೆ. ಈ ಎರಡು ಮನೆಗಳಲ್ಲಿ ಒಬ್ಬರಿಗೊಬ್ಬರು ಹೇಳದೆ ಬರೆಯುವುದೇ ರೂಢಿಯಾದ ಹಾಗಿದೆ.

ಆ ಸಂಜೆ ನಿಮಗೆ ಸಿಕ್ಕ ಚೀಲ ಮಾರನೆಯ ದಿನ ತನುಗೆ ಏರಿಸಬೇಕಾಗಿದ್ದದ್ದು. ನನ್ನ ಗಂಡ ಅಂಜನಕುಮಾರ ಎರಡು ವಾರ ಅಲೆದು, ಹೊನ್ನಾಳಿಯ ಒಬ್ಬ ಮೇಷ್ಟ್ರನ್ನು ಒಪ್ಪಿಸಿ ಕೊಡಿಸಿದ್ದು. ರಕ್ತ ಕೇಂದ್ರದ ಯೋಗರಾಜ್ ಫೋನ್ ಮಾಡಿ, "ಖಲೀಲ್ ಸಾಬ್ರಿಗೆ ಬೇಕಾಗೈತೆ, ಇರೋದು ನಿಮ್ಮದೊಂದೇ. ನಿಮ್ಮನ್ನ ಕೇಳದೆ ಕೊಡಲ್ಲ" ಅಂದರು. ತನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಕೊಡ್ರಿ, ಕೊಡ್ರಿ ಸರ್" ಎಂದು ಕೂಗಿದಳು.

ನಾನು ಬೇಡ ಅಂದೆ. ನಿಮಗೆ ತಿಳಿದಿರಲಿ. ಅವಳ ಕೈಯಿಂದ ಫೋನ್ ಕಿತ್ತುಕೊಳ್ಳಲು ಹೋದೆ. ಮೊದಲು ನಿನ್ನ ಜೀವ ನೋಡಿಕೋ ಅಂದೆ. ನೀವು ಏಪ್ರಿಲ್‌ನಲ್ಲಿ ಅವಳಿಗೆ ಬರೆದ ಕಾಗದವನ್ನು ನಾನು ಆಗಲೇ ಓದಿದ್ದೆ, ಆಗ ನಿಮ್ಮ ಮೇಲೆ ಸಿಟ್ಟೂ ಬಂದಿತ್ತು. ಆ ಸಂಜೆ ನಿಮ್ಮ ಸಂಕಟ ನನಗೆ ಪೂರ್ತಿ ಅರ್ಥವಾಯಿತು. ನಾಳೆ ಹಾಗೇ ಆದರೂ ನಾನು ಬೇಡ ಅಂತಲೇ ಅನ್ನುವವಳು. ತಾಯಿ ಇನ್ನೇನು ಅಂದಾಳು.

ಅವಳು ಹೇಳಿದ್ದು ಒಂದೇ. "ಅಮ್ಮ, ಅದು ಚಾಚಾಗೆ ಹೋಗದಿದ್ರೆ ನನ್ನ ಮೈಯಾಗೆ ಹೆಂಗೆ ಹರಿಬೇಕು?"

ಆಮೇಲೆ ಅವಳಿಗೆ ರಕ್ತ ಸಿಕ್ಕಿದ್ದು ತಡವಾಗಿ. ಮೆಟ್ಟಿಲು ಹತ್ತಲಾರದೆ ಕೆಳಗಿನ ಕೋಣೆಯಲ್ಲೇ ಮಲಗಿದ್ದಳು, ಪಾಠಕ್ಕೆ ಬರುವ ಮಕ್ಕಳನ್ನು ವಾಪಸ್ ಕಳಿಸಿದೆವು. ಈಗ ಪರವಾಗಿಲ್ಲ. ಮುಂದಿನ ಸಲಕ್ಕೆ ಇನ್ನೂ ಯಾರೂ ಗೊತ್ತಾಗಿಲ್ಲ. ನಿಮ್ಮ ಪೈಕಿ ಆ ಗ್ರೂಪಿನವರು ಯಾರಾದರೂ ಇದ್ದರೆ ನೋಡಿ. ಇದು ಕೊಟ್ಟದ್ದಕ್ಕೆ ಬದಲು ಕೇಳುವುದಲ್ಲ. ಮಗಳಿಗಾಗಿ ಕೇಳುತ್ತಿದ್ದೇನೆ, ಅಷ್ಟೆ.

ನಿಮ್ಮ,
ಸರೋಜಾ


ದಾವಣಗೆರೆ
೩ ಜುಲೈ ೨೦೨೪

ಸರೋಜಾ,

ನಿನ್ನ ಕಾಗದವನ್ನು ಈ ಸಲ ಮನೆಯಲ್ಲೇ, ಎಲ್ಲರ ಮುಂದೆ ಜೋರಾಗಿ ಓದಿದೆ. ಅರ್ಧಕ್ಕೇ ತಸ್ಲೀಮಳ ಕೈಗೆ ಕೊಟ್ಟೆ, ಉಳಿದದ್ದನ್ನು ಅವಳು ಓದಿದಳು. ನಿನ್ನ ಖಲೀಲಣ್ಣ ಎದ್ದು ಹಿತ್ತಲಿಗೆ ಹೋಗಿ ನಿಂತರು. ನಾನು ಹೋಗಿ ನೋಡಿದರೆ ಗಂಡಸು ಮನುಷ್ಯ ಅಳುತ್ತಿದ್ದರು.

ರಿಯಾಜನ ರಕ್ತವನ್ನು ನಾವು ಎಂದೂ ಪರೀಕ್ಷೆ ಮಾಡಿಸಿರಲಿಲ್ಲ. ಮನೆಯಿಂದ ಒಬ್ಬರು ಕೊಡುತ್ತಿದ್ದಾರಲ್ಲ, ಸಾಕು ಎಂದು ನಾನೇ ಅವನನ್ನು ಹಿಂದಕ್ಕೆ ಇಟ್ಟುಕೊಂಡಿದ್ದೆ. ನಿನ್ನೆ ಕರೆದುಕೊಂಡು ಹೋದೆ. ಇಷ್ಟೆತ್ತರದ ಹುಡುಗ ಸೂಜಿ ನೋಡಿ ಬೆವರಿದ. ಅವನದೂ ಓ ನೆಗೆಟಿವ್. ಅಪ್ಪನದೇ ಬಂದಿದೆ. ಇಪ್ಪತ್ತೇಳು ವರ್ಷ ಮನೆಯಲ್ಲೇ ಇದ್ದದ್ದು ನಮಗೆ ಗೊತ್ತಿರಲಿಲ್ಲ ನೋಡು.

ತನುಗೆ ಮುಂದಿನ ಸಲ ಯಾರನ್ನೂ ಹುಡುಕಬೇಡಿ. ಯೋಗರಾಜ್ ಹತ್ತಿರ ಹೇಳಿ ಬಂದಿದ್ದೇನೆ.

ನೀನು ಬೇಡ ಅಂದದ್ದಕ್ಕೆ ನನ್ನ ಮನಸ್ಸಿನಲ್ಲಿ ಏನೂ ಇಲ್ಲ. ನಾವಿಬ್ಬರೂ ಒಂದೇ ಜಾತಿಯ ಹೆಂಗಸರು.

ಶಹರ್ಬಾನು


ಹರಿಹರ
೪ ಆಗಸ್ಟ್ ೨೦೨೪

ಪ್ರೀತಿಯ ಚಾಚಿ,

ರಿಯಾಜಣ್ಣನ ರಕ್ತ ಏರಿಸಿ ಬಂದು ಹತ್ತು ಹದಿನೈದು ದಿನವಾಯಿತು. ಬರೆಯಲು ತಡಮಾಡಿದೆ. ಏನು ಬರೆದರೂ ಕಡಿಮೆ ಅನ್ನಿಸುತ್ತಿತ್ತು.

ನಿನ್ನೆ ಸಂಜೆ ಹೊಳೆಯ ಕಡೆ ನಡೆದು ಹೋದೆ. ನದಿ ದಂಡೆ ಮುಟ್ಟುವಷ್ಟು ತುಂಬಿದೆ. ಊರಿನವರೆಲ್ಲ ಸೇತುವೆಯ ಮೇಲೆ ನಿಂತು ನೋಡುತ್ತಿದ್ದರು, ನಾನೂ ಉಬ್ಬಸವಿಲ್ಲದೆ ನಿಂತಿದ್ದೆ. ಅಮ್ಮ "ಥಂಡಿ ಐತೆ ಬಾರೇ" ಎಂದು ಕರೆದು ಕರೆದು ಸೋತಳು. ನಡೆಯಲು ಆಗುವುದು ಎಂಥ ಸುಖ ಎಂದು ಯಾವಾಗಲೂ ನಡೆಯುವವರಿಗೆ ಗೊತ್ತಾಗುವುದಿಲ್ಲ.

ಡಾಕ್ಟರಮ್ಮ ಈ ಸಲ ಒಂದು ಹೊಸ ವಿಷಯ ಹೇಳಿದರು. ಕಬ್ಬಿಣ ಒಳಗೆ ಬರುವ ಬಾಗಿಲನ್ನು ಎಷ್ಟು ತೆರೆಯಬೇಕು ಎಂದು ಪಿತ್ತಜನಕಾಂಗ ಅಪ್ಪಣೆ ಕೊಡುತ್ತದಂತೆ. ಕಣಜ ಖಾಲಿಯಾದರೆ ಬಾಗಿಲು ಅಗಲ, ತುಂಬಿದರೆ ಕಿರಿದು. ಆದ್ದರಿಂದ ಚಾಚಾನ ಮೈ ಈಗ ಎಲ್ಲ ಬಾಗಿಲು ತೆರೆದು ಕಾದಿದೆ, ಹುಣ್ಣು ಮಾಗಿದೆ, ಬೇಗ ತುಂಬುತ್ತದೆ. ನನ್ನ ಮೈಗೆ ಲೆಕ್ಕ ತಪ್ಪಿದೆ. ರಕ್ತ ಸಾಲದು ಎಂದು ಹೆದರಿ, ತುಂಬಿದ ಮೇಲೂ ಬಾಗಿಲು ತೆರೆದೇ ಇಡುತ್ತದಂತೆ. ಅದಕ್ಕೇ ನನ್ನ ಊಟದಲ್ಲಿ ಸೊಪ್ಪು ಕಡಿಮೆ, ಊಟವಾದ ಮೇಲೆ ಚಹಾ ಕುಡಿ ಎಂದು ನನಗೆ ಹೇಳಿದ್ದಾರೆ. ಇದನ್ನು ಚಾಚಾಗೆ ಫೋನಿನಲ್ಲಿ ಹೇಳಿದೆ. "ನೋಡು ದೇವರ ನ್ಯಾಯ, ನನ್ನ ಪಾಲಿನ ಚಾನೂ ನಿನಗೇ ಹೋತು" ಅಂದರು. ಭಟ್ಟಿಯವರೆಲ್ಲ ನಕ್ಕದ್ದು ನನಗೆ ಕೇಳಿಸಿತು.

ಕರಗಿಸಿ ಕುಡಿಯುವ ಮಾತ್ರೆಯನ್ನು ಈಗ ಬೇಸರವಿಲ್ಲದೆ ಕುಡಿಯುತ್ತೇನೆ. ಚಾಚಾ ಕೊಟ್ಟದ್ದನ್ನು ಚೆಲ್ಲುತ್ತಿದ್ದೇನೆ ಎಂದು ಒಮ್ಮೆ ಬರೆದಿದ್ದೆನಲ್ಲ, ಅದನ್ನೂ ಅವರಿಗೆ ಹೇಳಿದೆ. ಅವರಿಗೆ ಸಿಟ್ಟು ಬಂತು. "ಹುಚ್ಚಿ, ನಾನು ಕೊಟ್ಟಿದ್ದು ನೀನು ಬದುಕ್ಲಿ ಅಂತ. ಕಬ್ಬಿಣ ಇಟ್ಕೊಂಡು ಏನು ಗಾಡಿ ಕಟ್ತೀಯಾ?"

ಅಪ್ಪ, ಅಮ್ಮ, ಚಾಚಾ, ನೀವು, ರಿಯಾಜಣ್ಣ, ಹೆಸರು ಗೊತ್ತಿಲ್ಲದ ಎಷ್ಟೋ ಜನ. ನನ್ನ ಮೈಯಲ್ಲಿ ನನ್ನದು ಅನ್ನುವ ರಕ್ತ ಬಹಳ ಕಡಿಮೆ. ಚಿಕ್ಕವಳಿದ್ದಾಗ ಇದಕ್ಕೆ ಅಳುತ್ತಿದ್ದೆ. ಈಗ ಅಳು ಬರುವುದಿಲ್ಲ.

ನೀವು ಹೇಗಿದ್ದೀರಿ? ಎಲ್ಲರ ವಿಷಯ ಬರೆಯುತ್ತೀರಿ, ನಿಮ್ಮದು ಬರೆಯುವುದಿಲ್ಲ.

ನಿಮ್ಮ,
ತನು


ದಾವಣಗೆರೆ
೧೫ ಸೆಪ್ಟೆಂಬರ್ ೨೦೨೪

ನನ್ನ ಮಗಳು ತನುಗೆ,

ನಿನ್ನ ಚಾಚಾನ ರಕ್ತದ ಅಂಶ ಹನ್ನೆರಡು ದಾಟಿತು. ಇನ್ನು ಅವರು ರಕ್ತ ಕೊಡುವುದು ಬೇಡ ಎಂದು ಡಾಕ್ಟರು ಹೇಳಿದಾಗ ಪಾಪ, ಕೆಲಸದಿಂದ ತೆಗೆದುಹಾಕಿದವರ ಹಾಗೆ ಕೂತಿದ್ದರು. ಈಗ ರಿಯಾಜನ ಹಿಂದೆ ಬಿದ್ದಿದ್ದಾರೆ. ಸರಿಯಾಗಿ ಉಣ್ಣು, ಸಿಗರೇಟು ಮುಟ್ಟಬೇಡ, ಅದು ನಿನ್ನೊಬ್ಬನ ರಕ್ತ ಅಲ್ಲ ಎಂದು ದಿನವೂ ಪಾಠ.

ನನ್ನ ವಿಷಯ ಕೇಳಿದ್ದೆಯಲ್ಲ. ನಗಬೇಡ.

ಹೊನ್ನಾಳಿಯ ಆ ಮೇಷ್ಟ್ರು, ಶಿವಮೊಗ್ಗದ ಇನ್ಯಾರೋ, ಮುಖ ನೋಡದವರೆಲ್ಲ ನಮ್ಮ ಮನೆ ಉಳಿಸಿದರು. ಅವರಿಗೆ ನಾನು ಏನು ತಲುಪಿಸಲಿ? ನಾನೂ ಒಂದು ಚೀಲ ಕೊಟ್ಟುಬಿಡೋಣ, ಯಾರಿಗೆ ಬೇಕೋ ಅವರಿಗೆ ಹೋಗಲಿ ಅಂದುಕೊಂಡೆ. ನನ್ನದು ಎಲ್ಲ ಕಡೆ ಸಿಗುವ ಗ್ರೂಪೇ, ಆದರೂ ಬೇಕಾದವರು ಇರುತ್ತಾರಲ್ಲ. ಶುಕ್ರವಾರ ಒಳ್ಳೆಯ ಸೀರೆ ಉಟ್ಟು, ಯಾರಿಗೂ ಹೇಳದೆ ಕೆ.ಬಿ. ಬಡಾವಣೆಗೆ ಹೋದೆ. ಯೋಗರಾಜ್ "ಬರ್ರಿ, ಕೂಡ್ರಿ" ಎಂದು ಮಂಚದ ಪಕ್ಕದ ಕುರ್ಚಿ ಕೊಟ್ಟ. ಬೆರಳು ಚುಚ್ಚಿ ಒಂದು ಹನಿ ತೆಗೆದ. ಮಿಷನ್ ನೋಡಿದ, ನನ್ನನ್ನು ನೋಡಿದ, ಇನ್ನೊಂದು ಬೆರಳು ಚುಚ್ಚಿದ.

"ಅಮ್ಮಾ, ಎಂಟು ಐತೆ" ಅಂದ.

ನನಗೆ ನಂಬಿಕೆ ಬರಲಿಲ್ಲ. ತಲೆ ಸುತ್ತುವುದಿಲ್ಲವೇ, ಸುಸ್ತಾಗುವುದಿಲ್ಲವೇ ಎಂದು ಕೇಳಿದ. ಆಗುತ್ತದೆ, ಯಾರಿಗೆ ಆಗುವುದಿಲ್ಲ ಅಂದೆ. ಎಷ್ಟು ವರ್ಷದಿಂದ ಎಂದು ಕೇಳಿದ. ಅದೇ ದಿನ ನಿನ್ನ ಡಾಕ್ಟರಮ್ಮನ ಹತ್ತಿರವೇ ಹೋದೆ. ಹೊಟ್ಟೆ, ಗರ್ಭಕೋಶ ಎಲ್ಲ ನೋಡಿದರು. ಸೋರುವುದು ಎಲ್ಲೂ ಇಲ್ಲ. ಮುಟ್ಟು ನಿಲ್ಲುವ ಕಾಲದಲ್ಲಿ ವರ್ಷಗಟ್ಟಲೆ ಹೋದದ್ದು ಮತ್ತೆ ತುಂಬಿಲ್ಲ, ತುಂಬುವಂಥದ್ದು ಏನೂ ತಿಂದಿಲ್ಲ ಅಂದರು. "ಮನ್ಯಾಗೆ ಏನು ಅಡಿಗಿ ಮಾಡ್ತೀರಿ?" ಎಂದು ಕೇಳಿದರು. ಸೊಪ್ಪು, ಬೇಳೆ, ಕಲೇಜಿ, ಎಲ್ಲ ಹೇಳಿದೆ. "ಅದರಾಗೆ ನೀವೇನು ತಿಂತೀರಿ?" ಅಂದರು.

ಮನೆಗೆ ಬಂದು ಇದನ್ನು ನಗುತ್ತಲೇ ಹೇಳಿದೆ. ರಕ್ತ ಕೊಡಲು ಹೋದ ದೊಡ್ಡ ಧರ್ಮಾತ್ಮೆಯನ್ನು ವಾಪಸ್ ಕಳಿಸಿದರು ಅಂದೆ. ರಿಯಾಜ್ ನಕ್ಕ. ನಿನ್ನ ಚಾಚಾ ನಗಲಿಲ್ಲ.

"ನೀನು ಊಟ ಯಾವಾಗ ಮಾಡ್ತಿ?" ಎಂದು ಕೇಳಿದರು.

ನೀವೆಲ್ಲ ಉಂಡು ಎದ್ದ ಮೇಲೆ, ಅಂದೆ. ಪಾತ್ರೆಯಲ್ಲಿ ಉಳಿದದ್ದಕ್ಕೆ ಅನ್ನ ಕಲಸಿಕೊಂಡು, ಮೇಲೆ ಒಂದು ಲೋಟ ಚಹಾ ಕುಡಿದರೆ ನನ್ನ ಊಟ ಮುಗಿಯಿತು. ನಮ್ಮ ಅಮ್ಮನೂ ಹಾಗೇ, ನಮ್ಮ ಅತ್ತೆಯೂ ಹಾಗೇ. ಮೂವತ್ತು ವರ್ಷದಲ್ಲಿ ಅವರು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ನನಗೂ ಯಾರಾದರೂ ಕೇಳಬೇಕು ಅನ್ನಿಸಿರಲಿಲ್ಲ.

ನಿನ್ನೆ ಮಧ್ಯಾಹ್ನ ನೆಲಕ್ಕೆ ದಸ್ತರಖಾನ್ ಬಟ್ಟೆ ಹಾಸಿ ಬಡಿಸಿದೆ. ಅವರು ಕೈ ತೊಳೆದು ಕೂತರು, ತಟ್ಟೆ ಮುಟ್ಟಲಿಲ್ಲ. "ನೀನು ಕೂಡು" ಅಂದರು. ಒಲೆಯ ಮೇಲೆ ರೊಟ್ಟಿ ಇದೆ ಅಂದೆ. "ರಿಯಾಜ್ ತಿರುವ್ತಾನೆ, ನೀನು ಕೂಡು." ಆಮೇಲೆ ತಮ್ಮ ತಟ್ಟೆಯ ಕಲೇಜಿಯನ್ನೆಲ್ಲ ನನ್ನ ತಟ್ಟೆಗೆ ಹಾಕಿ, ನಿಂಬೆಹಣ್ಣು ಹಿಂಡಿದರು. ನಾನು ಮೊದಲ ತುತ್ತು ನುಂಗುವವರೆಗೂ ಸುಮ್ಮನೆ ನೋಡುತ್ತಾ ಕೂತಿದ್ದರು. ಒಳಗೆ ಮಗ ರೊಟ್ಟಿ ಸುಡುತ್ತಿದ್ದ ವಾಸನೆ ಬರುತ್ತಿತ್ತು.

ನನಗೆ ಅಳು ಬಂತು ಬೇಟಿ. ನನ್ನ ಮನೆಯವರನ್ನು ಉಳಿಸಿಕೊಟ್ಟವಳು ನೀನು, ಈಗ ನನ್ನನ್ನೂ ಈ ತಟ್ಟೆಯ ಮುಂದೆ ಕೂರಿಸಿದೆ. ನಿನಗೆ ಹೇಗೆ ಶುಕ್ರಿಯಾ ಹೇಳಲಿ? ಎಲ್ಲರಿಗೂ ಬಡಿಸಿ ಬಡಿಸಿ, ಬಿಸಿಬಿಸಿಯಾಗಿದ್ದಾಗ ನನ್ನ ಅಡುಗೆಯ ರುಚಿ ಹೇಗಿರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಬಹಳ ಚೆನ್ನಾಗಿರುತ್ತದೆ.

ನಿನ್ನ,
ಶಹರ್ಬಾನು